ಕಾಂಡಕೋಶಜನ್ಯ ನರಕೋಶಗಳಿಂದ ಪಾರ್ಕಿನ್ಸನ್ ಕಾಯಿಲೆಯ ಅಧ್ಯಯನ

ಕಾಂಡಕೋಶಜನ್ಯ ನರಕೋಶಗಳಿಂದ ಪಾರ್ಕಿನ್ಸನ್ ಕಾಯಿಲೆಯ ಅಧ್ಯಯನ ಎಂಬುದು ಒಂದು ಸಂಶೋಧನಾ ವಿಧಾನ. ಇದರಲ್ಲಿ ರೋಗಿಯ ಚರ್ಮದಿಂದ ಅಥವಾ ರಕ್ತದಿಂದ ಪಡೆದ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಕಾಂಡಕೋಶಗಳನ್ನಾಗಿ ಮಾರ್ಪಡಿಸಿ, ಅವುಗಳಿಂದ ಮಿದುಳಿನ ನರಕೋಶಗಳನ್ನು ಬೆಳೆಸಿ, ಆ ನರಕೋಶಗಳಲ್ಲಿ ಕಾಯಿಲೆಯ ಕಾರಣಗಳನ್ನೂ ಬೆಳವಣಿಗೆಯ ಕ್ರಮವನ್ನೂ ಪರಿಶೀಲಿಸಲಾಗುತ್ತದೆ. ಕಾಂಡಕೋಶಗಳನ್ನು ಕನ್ನಡದಲ್ಲಿ ಆಕರಕೋಶ, ಮೂಲಕೋಶ ಮತ್ತು ಸ್ಟೆಮ್ ಸೆಲ್ ಎಂದೂ ಕರೆಯುವುದುಂಟು. ಬದುಕಿರುವ ರೋಗಿಯ ಮಿದುಳಿನಿಂದ ನರಕೋಶಗಳನ್ನು ತೆಗೆದು ಪರೀಕ್ಷಿಸುವುದು ಸಾಧ್ಯವಿಲ್ಲದ ಕಾರಣ, ಅದೇ ರೋಗಿಯ ಆನುವಂಶಿಕ ಗುಣಗಳುಳ್ಳ ನರಕೋಶಗಳನ್ನು ಹೊರಗೆ ಬೆಳೆಸಿ ನೋಡುವ ಈ ವಿಧಾನವು 2008ರಿಂದೀಚೆಗೆ ಮಹತ್ವ ಪಡೆದಿದೆ. ಇದು ಮೂಲತಃ ಕಾಯಿಲೆಯನ್ನು ಅರಿಯುವ ಸಾಧನವೇ ಹೊರತು ಚಿಕಿತ್ಸೆಯಲ್ಲ.

ಹಿನ್ನೆಲೆ

ಪಾರ್ಕಿನ್ಸನ್ ಕಾಯಿಲೆಯನ್ನು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದನು. ಕೈಕಾಲುಗಳ ನಡುಕ, ಸ್ನಾಯುಗಳ ಬಿಗಿತ, ಚಲನೆಯ ನಿಧಾನಗತಿ ಮತ್ತು ನಡಿಗೆಯಲ್ಲಿ ಸಮತೋಲನ ತಪ್ಪುವುದು ಇದರ ಮುಖ್ಯ ಲಕ್ಷಣಗಳು. ಮಧ್ಯಮಿದುಳಿನಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಬಣ್ಣದ ಒಂದು ಭಾಗವಿದೆ. ಅಲ್ಲಿನ ನರಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ಉತ್ಪಾದಿಸಿ ಚಲನೆಯನ್ನು ನಿಯಂತ್ರಿಸುವ ಭಾಗಗಳಿಗೆ ತಲುಪಿಸುತ್ತವೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಈ ನರಕೋಶಗಳು ಕ್ರಮೇಣ ಸಾಯುತ್ತವೆ. ನಡುಕ ಮೊದಲಾದ ಲಕ್ಷಣಗಳು ಕಾಣಿಸಿಕೊಳ್ಳುವ ಹೊತ್ತಿಗೆ ಅವುಗಳಲ್ಲಿ ಗಣನೀಯ ಭಾಗವು ಆಗಲೇ ನಾಶವಾಗಿರುತ್ತದೆ.

ಸಾಯುತ್ತಿರುವ ನರಕೋಶಗಳಲ್ಲಿ ಕಂಡುಬರುವ ಗೋಳಾಕಾರದ ಸಂಚಯಗಳನ್ನು ಫ್ರಿಟ್ಜ್ ಲೂಯಿ ಎಂಬ ವಿಜ್ಞಾನಿ 1912ರಲ್ಲಿ ಗುರುತಿಸಿದನು. ಇವಕ್ಕೆ ಲೂಯಿ ಕಾಯಗಳು ಎಂದು ಹೆಸರು. ಇವುಗಳ ಮುಖ್ಯ ಘಟಕ ಆಲ್ಫಾ-ಸೈನ್ಯೂಕ್ಲೀನ್ ಎಂಬ ಪ್ರೋಟೀನ್ ಎಂದು 1997ರಲ್ಲಿ ತಿಳಿದುಬಂದಿತು. ಅದೇ ವರ್ಷ, ಇಟಲಿ ಮತ್ತು ಗ್ರೀಸ್ ಮೂಲದ ಕೆಲವು ಕುಟುಂಬಗಳಲ್ಲಿ ಈ ಪ್ರೋಟೀನಿನ ವಂಶವಾಹಿಯಲ್ಲಿರುವ ಒಂದು ಸಣ್ಣ ಬದಲಾವಣೆಯೇ ಕಾಯಿಲೆಗೆ ಕಾರಣವೆಂದೂ ಗೊತ್ತಾಯಿತು. ಅನಂತರದ ವರ್ಷಗಳಲ್ಲಿ ಪಾರ್ಕಿನ್, ಪಿಂಕ್1, ಡಿಜೆ-1, ಎಲ್‌ಆರ್‌ಆರ್‌ಕೆ2, ಜಿಬಿಎ1 ಮೊದಲಾದ ವಂಶವಾಹಿಗಳೂ ಪಟ್ಟಿಗೆ ಸೇರಿದವು. ಆದರೆ ಬಹುಪಾಲು ರೋಗಿಗಳಲ್ಲಿ ಇಂಥದೇ ವಂಶವಾಹಿ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ.

1950ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಡೋಪಮೈನ್‌ನ ಪಾತ್ರವನ್ನು ತೋರಿಸಿದನು. ಅದರ ಫಲವಾಗಿ ಬಂದ ಲೆವೊಡೋಪಾ ಔಷಧಿಯು ಇಂದಿಗೂ ಚಿಕಿತ್ಸೆಯ ಆಧಾರವಾಗಿದೆ. ಅದು ಕೊರತೆಯಾದ ಡೋಪಮೈನ್ ಅನ್ನು ತುಂಬಿಕೊಡುತ್ತದೆ, ಆದರೆ ನರಕೋಶಗಳ ಸಾವನ್ನು ತಡೆಯುವುದಿಲ್ಲ. ಸಾವನ್ನು ತಡೆಯಬೇಕಾದರೆ ಅದು ಹೇಗೆ ಆರಂಭವಾಗುತ್ತದೆ ಎಂದು ತಿಳಿಯಬೇಕು. ಕಾಂಡಕೋಶಜನ್ಯ ನರಕೋಶಗಳ ಅಧ್ಯಯನವು ಉತ್ತರಿಸಲು ಯತ್ನಿಸುತ್ತಿರುವುದು ಈ ಪ್ರಶ್ನೆಯನ್ನೇ.

ಹಿಂದಿನ ಮಾದರಿಗಳು ಮತ್ತು ಅವುಗಳ ಕೊರತೆ

ಮರಣಾನಂತರ ದಾನವಾಗಿ ದೊರೆತ ಮಿದುಳುಗಳು ಕಾಯಿಲೆಯ ಕೊನೆಯ ಹಂತವನ್ನು ತೋರಿಸುತ್ತವೆ. ಬೆಂಕಿ ಆರಿದ ಮೇಲೆ ಬೂದಿಯನ್ನು ನೋಡಿ ಕಿಡಿ ಎಲ್ಲಿ ಹೊತ್ತಿತೆಂದು ಊಹಿಸುವಂತೆ, ಅವುಗಳಿಂದ ಆರಂಭವನ್ನು ಅರಿಯುವುದು ಕಷ್ಟ.

ಎರಡನೆಯ ಮಾರ್ಗ ಪ್ರಾಣಿಗಳದು. 1982ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಲಬೆರಕೆಯ ಕೃತಕ ಮಾದಕವಸ್ತುವನ್ನು ಚುಚ್ಚಿಕೊಂಡ ಕೆಲವು ಯುವಜನರು ಹಠಾತ್ತನೆ ಮರಗಟ್ಟಿದಂತಾಗಿ ಆಸ್ಪತ್ರೆ ಸೇರಿದರು. ಅದರಲ್ಲಿದ್ದ ಎಂಪಿಟಿಪಿ ಎಂಬ ವಸ್ತುವು ಡೋಪಮೈನ್ ನರಕೋಶಗಳನ್ನು ಕೊಲ್ಲುತ್ತದೆ ಎಂದು ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು ಕಂಡುಹಿಡಿದರು. ಅಲ್ಲಿಂದ ಮುಂದೆ ಮಂಗಗಳಲ್ಲಿಯೂ ಇಲಿಗಳಲ್ಲಿಯೂ ಈ ವಿಷವನ್ನು ಬಳಸಿ ಕಾಯಿಲೆಯನ್ನು ಹೋಲುವ ಸ್ಥಿತಿಯನ್ನು ಉಂಟುಮಾಡಲಾಯಿತು. ಆದರೆ ಕೆಲವೇ ದಿನಗಳಲ್ಲಿ ವಿಷವು ಮಾಡುವ ಹಾನಿಯೂ ಹತ್ತಾರು ವರ್ಷಗಳಲ್ಲಿ ನಿಧಾನವಾಗಿ ಬೆಳೆಯುವ ಕಾಯಿಲೆಯೂ ಒಂದೇ ಅಲ್ಲ.

ವಂಶವಾಹಿಗಳನ್ನು ಮಾರ್ಪಡಿಸಿದ ಇಲಿಗಳೂ ಪೂರ್ಣ ಉತ್ತರ ಕೊಡಲಿಲ್ಲ. ಪಾರ್ಕಿನ್, ಪಿಂಕ್1 ಅಥವಾ ಡಿಜೆ-1 ವಂಶವಾಹಿಗಳು ಕೆಟ್ಟರೆ ಮನುಷ್ಯರಿಗೆ ಚಿಕ್ಕ ವಯಸ್ಸಿನಲ್ಲಿಯೇ ಕಾಯಿಲೆ ಬರುತ್ತದೆ. ಅವೇ ವಂಶವಾಹಿಗಳನ್ನು ತೆಗೆದುಹಾಕಿದ ಇಲಿಗಳಲ್ಲಿ ಡೋಪಮೈನ್ ನರಕೋಶಗಳು ಸ್ಪಷ್ಟವಾಗಿ ನಾಶವಾಗುವುದಿಲ್ಲ. ಇನ್ನೊಂದು ಉದಾಹರಣೆ ಹೀಗಿದೆ. ಮನುಷ್ಯರ ಆಲ್ಫಾ-ಸೈನ್ಯೂಕ್ಲೀನ್ ಪ್ರೋಟೀನಿನ 53ನೆಯ ಸ್ಥಾನದಲ್ಲಿ ಅಲನೀನ್ ಎಂಬ ಅಮೈನೊ ಆಮ್ಲವಿರುತ್ತದೆ. ಅದರ ಬದಲಿಗೆ ಥ್ರಿಯೊನೀನ್ ಬಂದರೆ ಕಾಯಿಲೆ ಉಂಟಾಗುತ್ತದೆ. 1997ರಲ್ಲಿ ಪತ್ತೆಯಾದ ಬದಲಾವಣೆ ಇದೇ. ಇಲಿಗಳಲ್ಲಿಯಾದರೋ ಆ ಸ್ಥಾನದಲ್ಲಿ ಹುಟ್ಟಿನಿಂದಲೇ ಥ್ರಿಯೊನೀನ್ ಇರುತ್ತದೆ, ಅವು ಆರೋಗ್ಯವಾಗಿಯೇ ಬದುಕುತ್ತವೆ. ಹೀಗಾಗಿ ಮನುಷ್ಯನ ನರಕೋಶಗಳಲ್ಲಿಯೇ ಕಾಯಿಲೆಯನ್ನು ನೋಡಬೇಕಾದ ಅಗತ್ಯ ಉಂಟಾಯಿತು.

ಕಾಂಡಕೋಶಗಳ ಮೂಲ

ದೇಹದ ಯಾವುದೇ ಬಗೆಯ ಜೀವಕೋಶವಾಗಿ ಬೆಳೆಯಬಲ್ಲ ಕೋಶಗಳನ್ನು ಬಹುಶಕ್ತ ಕಾಂಡಕೋಶಗಳು ಎನ್ನುತ್ತಾರೆ. ಮನುಷ್ಯ ಭ್ರೂಣದಿಂದ ಇಂತಹ ಕೋಶಗಳನ್ನು ಪಡೆದು ಬೆಳೆಸುವುದರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್ 1998ರಲ್ಲಿ ಯಶಸ್ವಿಯಾದನು. ಭ್ರೂಣವನ್ನು ಬಳಸುವುದರಿಂದ ಇದು ನೈತಿಕ ವಿವಾದಕ್ಕೆ ಗುರಿಯಾಯಿತು. ಜೊತೆಗೆ, ಆ ಕೋಶಗಳು ಯಾವ ರೋಗಿಗೂ ಸೇರಿದವಾಗಿರಲಿಲ್ಲ.

2006ರಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಶಿನ್ಯಾ ಯಮನಾಕ ಹೊಸ ದಾರಿಯನ್ನು ತೋರಿಸಿದನು. ಆತ ಮತ್ತು ಸಹೋದ್ಯೋಗಿಗಳು 24 ವಂಶವಾಹಿಗಳಿಂದ ಆರಂಭಿಸಿ, ಒಂದೊಂದನ್ನೇ ಕೈಬಿಟ್ಟು ಪರೀಕ್ಷಿಸುತ್ತ, ಕೊನೆಗೆ 4 ವಂಶವಾಹಿಗಳು ಸಾಕೆಂದು ಕಂಡುಕೊಂಡರು. ಈ ನಾಲ್ಕನ್ನು ಇಲಿಯ ಚರ್ಮದ ಜೀವಕೋಶಕ್ಕೆ ಸೇರಿಸಿದಾಗ ಅದು ತನ್ನ ಚರ್ಮತನವನ್ನು ಕಳೆದುಕೊಂಡು ಭ್ರೂಣದ ಕಾಂಡಕೋಶದಂತಾಯಿತು. 2007ರಲ್ಲಿ ಯಮನಾಕ ಮತ್ತು ಥಾಮ್ಸನ್ ತಂಡಗಳು ಬೇರೆಬೇರೆಯಾಗಿ ಮನುಷ್ಯರ ಜೀವಕೋಶಗಳಲ್ಲಿಯೂ ಇದನ್ನು ಸಾಧಿಸಿದವು. ಇಂತಹ ಕೋಶಗಳಿಗೆ ಪ್ರೇರಿತ ಬಹುಶಕ್ತ ಕಾಂಡಕೋಶಗಳು ಅಥವಾ ಸಂಕ್ಷಿಪ್ತವಾಗಿ ಐಪಿಎಸ್ ಕೋಶಗಳು ಎಂದು ಹೆಸರು. 1962ರಲ್ಲಿ ಕಪ್ಪೆಗಳ ಮೇಲಿನ ಪ್ರಯೋಗದಿಂದ ಇದಕ್ಕೆ ತಳಹದಿ ಹಾಕಿದ ಜಾನ್ ಗರ್ಡನ್ ಮತ್ತು ಯಮನಾಕ 2012ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

2008ರಲ್ಲಿ ಅಮೆರಿಕದ ಸಂಶೋಧಕರು ಹಲವು ಕಾಯಿಲೆಗಳ ರೋಗಿಗಳಿಂದ ಐಪಿಎಸ್ ಕೋಶಗಳನ್ನು ತಯಾರಿಸಿದರು. ಅವರಲ್ಲಿ ಪಾರ್ಕಿನ್ಸನ್ ರೋಗಿಯೂ ಇದ್ದನು. ಮರುವರ್ಷ ರುಡಾಲ್ಫ್ ಯಾನಿಷ್ ನೇತೃತ್ವದ ತಂಡವು, ಪಾರ್ಕಿನ್ಸನ್ ರೋಗಿಗಳಿಂದ ಪಡೆದ ಐಪಿಎಸ್ ಕೋಶಗಳಿಂದ ಹೊರಗಿನ ವಂಶವಾಹಿಗಳನ್ನು ತೆಗೆದುಹಾಕಿ ಡೋಪಮೈನ್ ನರಕೋಶಗಳನ್ನು ಬೆಳೆಸಬಹುದೆಂದು ತೋರಿಸಿತು.

ನರಕೋಶಗಳನ್ನು ಬೆಳೆಸುವ ವಿಧಾನ

ರೋಗಿಯ ತೋಳಿನಿಂದ ಕೆಲವೇ ಮಿಲಿಮೀಟರ್ ಅಗಲದ ಚರ್ಮದ ತುಣುಕನ್ನು, ಇಲ್ಲವೇ ಸ್ವಲ್ಪ ರಕ್ತವನ್ನು ತೆಗೆಯಲಾಗುತ್ತದೆ. ಅದರಲ್ಲಿನ ಜೀವಕೋಶಗಳಿಗೆ ಯಮನಾಕ ಗುರುತಿಸಿದ ವಂಶವಾಹಿಗಳನ್ನು ಸೇರಿಸಿದರೆ ಕೆಲವು ವಾರಗಳಲ್ಲಿ ಐಪಿಎಸ್ ಕೋಶಗಳ ಗುಂಪುಗಳು ಕಾಣಿಸಿಕೊಳ್ಳುತ್ತವೆ. ಅವುಗಳ ವರ್ಣತಂತುಗಳು ಸರಿಯಾಗಿವೆಯೇ ಎಂದು ಪರೀಕ್ಷಿಸಿ, ಹೆಚ್ಚಿಸಿ, ಶೀತಲೀಕರಿಸಿ ಇಡಲಾಗುತ್ತದೆ.

ಮುಂದಿನ ಹಂತವು ಗರ್ಭದಲ್ಲಿ ಮಿದುಳು ಬೆಳೆಯುವ ಕ್ರಮವನ್ನು ಅನುಸರಿಸುತ್ತದೆ. 2009ರಲ್ಲಿ ನ್ಯೂಯಾರ್ಕಿನ ಲೊರೆನ್ಜ್ ಸ್ಟೂಡರ್ ಮತ್ತು ಸಂಗಡಿಗರು ಎರಡು ರಾಸಾಯನಿಕ ಸಂಕೇತಗಳನ್ನು ತಡೆಗಟ್ಟಿದರೆ ಬಹುಶಕ್ತ ಕಾಂಡಕೋಶಗಳು ನರ ಅಂಗಾಂಶದ ಹಾದಿ ಹಿಡಿಯುತ್ತವೆ ಎಂದು ತೋರಿಸಿದರು. ಮಧ್ಯಮಿದುಳಿನ ಡೋಪಮೈನ್ ನರಕೋಶಗಳು ಭ್ರೂಣದ ನರನಾಳದ ತಳಭಾಗದಿಂದ ಹುಟ್ಟುತ್ತವೆ. ಆ ಜಾಗದಲ್ಲಿ ಕೆಲಸ ಮಾಡುವ ಸಂಕೇತಗಳನ್ನು ಸರಿಯಾದ ದಿನದಲ್ಲಿ, ಸರಿಯಾದ ಪ್ರಮಾಣದಲ್ಲಿ ಒದಗಿಸಿದರೆ ಕಾಂಡಕೋಶಗಳೂ ಅದೇ ಬಗೆಯ ನರಕೋಶಗಳಾಗುತ್ತವೆ ಎಂದು 2011ರಲ್ಲಿ ಇದೇ ತಂಡ ಪ್ರಕಟಿಸಿತು. ಇಂದು ಬಳಕೆಯಲ್ಲಿರುವ ಹೆಚ್ಚಿನ ವಿಧಾನಗಳು ಇದರಿಂದಲೇ ಬೆಳೆದವು. ನರಕೋಶಗಳು ಮಾಗಲು ಕೆಲವು ವಾರಗಳಿಂದ ಎರಡು ಮೂರು ತಿಂಗಳು ಬೇಕಾಗುತ್ತವೆ.

ಬೆಳೆದದ್ದು ನಿಜಕ್ಕೂ ಡೋಪಮೈನ್ ನರಕೋಶವೇ ಎಂಬುದನ್ನು ಹಲವು ಗುರುತುಗಳಿಂದ ಖಚಿತಪಡಿಸಿಕೊಳ್ಳಲಾಗುತ್ತದೆ. ಡೋಪಮೈನ್ ತಯಾರಿಕೆಗೆ ಬೇಕಾದ ಟೈರೋಸಿನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಅದರಲ್ಲಿರಬೇಕು, ಅದು ವಿದ್ಯುತ್ ಸಂಕೇತಗಳನ್ನು ಹೊರಡಿಸಬೇಕು, ಡೋಪಮೈನ್ ಬಿಡುಗಡೆ ಮಾಡಬೇಕು. ಒಂದೇ ತಟ್ಟೆಯಲ್ಲಿ ಬೇರೆ ಬಗೆಯ ಕೋಶಗಳೂ ಬೆರೆತಿರುವುದು ಸಾಮಾನ್ಯವಾದುದರಿಂದ ಈ ಪರೀಕ್ಷೆಗಳಿಲ್ಲದೆ ಫಲಿತಾಂಶವನ್ನು ಒಪ್ಪುವಂತಿಲ್ಲ.

ಹೋಲಿಕೆಯ ಸಮಸ್ಯೆ

ಒಬ್ಬ ರೋಗಿಯ ನರಕೋಶವನ್ನೂ ಒಬ್ಬ ಆರೋಗ್ಯವಂತನ ನರಕೋಶವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಅನೇಕ ವ್ಯತ್ಯಾಸಗಳು ಕಾಣುತ್ತವೆ. ಇಬ್ಬರು ಮನುಷ್ಯರ ವಂಶವಾಹಿಗಳಲ್ಲಿ ಲಕ್ಷಾಂತರ ಸ್ಥಳಗಳಲ್ಲಿ ಭೇದವಿರುವುದರಿಂದ, ಕಂಡ ವ್ಯತ್ಯಾಸ ಕಾಯಿಲೆಯದೋ ಕೇವಲ ವ್ಯಕ್ತಿಭೇದವೋ ಎಂದು ಹೇಳಲಾಗುವುದಿಲ್ಲ. ಇದಕ್ಕೆ ಪರಿಹಾರವಾಗಿ ರೋಗಿಯ ಐಪಿಎಸ್ ಕೋಶದಲ್ಲಿಯೇ ದೋಷವುಳ್ಳ ಒಂದು ಅಕ್ಷರವನ್ನು ಮಾತ್ರ ತಿದ್ದಿ ಹೋಲಿಕೆಗೆ ಇಡುತ್ತಾರೆ. ತಿದ್ದಿದ ಕೋಶ ಮತ್ತು ತಿದ್ದದ ಕೋಶ ಎರಡೂ ಒಬ್ಬನವೇ. ಅವುಗಳ ನಡುವಿನ ಉದ್ದೇಶಿತ ಭೇದ ಆ ಒಂದು ಅಕ್ಷರ ಮಾತ್ರ. ಇಂತಹ ಜೋಡಿಗಳಿಗೆ ಸಮವಂಶೀಯ ಜೋಡಿಗಳು ಎನ್ನಬಹುದು. ಆಲ್ಫಾ-ಸೈನ್ಯೂಕ್ಲೀನ್ ವಂಶವಾಹಿಗೆ ಸಂಬಂಧಿಸಿದ ಇಂತಹ ಜೋಡಿಗಳನ್ನು ಯಾನಿಷ್ ತಂಡ 2011ರಲ್ಲಿ ತಯಾರಿಸಿತು. ಕ್ರಿಸ್ಪರ್ ತಂತ್ರಜ್ಞಾನ ಬಂದ ಮೇಲೆ ಈ ಕೆಲಸ ಸುಲಭವಾಗಿ, ಇಂದು ಇದು ಉತ್ತಮ ಅಧ್ಯಯನದ ಲಕ್ಷಣವೆನಿಸಿದೆ.

ಪ್ರಮುಖ ಅಧ್ಯಯನಗಳು

ಆಲ್ಫಾ-ಸೈನ್ಯೂಕ್ಲೀನ್: ಸಾಮಾನ್ಯವಾಗಿ ಪ್ರತಿಯೊಬ್ಬರಲ್ಲಿ ಎಸ್‌ಎನ್‌ಸಿಎ ಎಂಬ ಈ ವಂಶವಾಹಿಯ 2 ಪ್ರತಿಗಳಿರುತ್ತವೆ. 2003ರಲ್ಲಿ ಅಮೆರಿಕದ ಅಯೊವ ಮೂಲದ ಒಂದು ಕುಟುಂಬದ ರೋಗಿಗಳಲ್ಲಿ ಒಂದು ವರ್ಣತಂತುವಿನ ಮೇಲೆಯೇ 3 ಪ್ರತಿಗಳಿದ್ದು, ಒಟ್ಟು 4 ಪ್ರತಿಗಳಿರುವುದು ಪತ್ತೆಯಾಯಿತು. ಪ್ರೋಟೀನಿನಲ್ಲಿ ದೋಷವಿಲ್ಲದಿದ್ದರೂ ಅದರ ಪ್ರಮಾಣ ಹೆಚ್ಚಾದರೆ ಸಾಕು, ಕಾಯಿಲೆ ಬರುತ್ತದೆ ಎಂದು ಇದರಿಂದ ಸ್ಪಷ್ಟವಾಯಿತು. 2011ರಲ್ಲಿ ಬ್ರಿಟನ್ನಿನ ಸಂಶೋಧಕರು ಇದೇ ಬಗೆಯ ಆನುವಂಶಿಕ ಬದಲಾವಣೆಯುಳ್ಳ ಒಬ್ಬ ರೋಗಿಯಿಂದಲೂ ಕಾಯಿಲೆಯಿಲ್ಲದ ಆತನ ಹತ್ತಿರದ ರಕ್ತಸಂಬಂಧಿಯಿಂದಲೂ ನರಕೋಶಗಳನ್ನು ಬೆಳೆಸಿದರು. ರೋಗಿಯ ನರಕೋಶಗಳು ಎರಡು ಪಟ್ಟು ಆಲ್ಫಾ-ಸೈನ್ಯೂಕ್ಲೀನ್ ಉತ್ಪಾದಿಸುತ್ತಿದ್ದವು. ಕಾಯಿಲೆಯ ಮೂಲ ಲಕ್ಷಣವೊಂದು ಗಾಜಿನ ತಟ್ಟೆಯಲ್ಲಿ ಹೀಗೆ ಅಳತೆಗೆ ಸಿಕ್ಕಿತು.

ಎಲ್‌ಆರ್‌ಆರ್‌ಕೆ2: ಈ ವಂಶವಾಹಿಯ ಜಿ2019ಎಸ್ ಎಂಬ ಬದಲಾವಣೆಯುಳ್ಳ ರೋಗಿಯ ನರಕೋಶಗಳು ಉತ್ಕರ್ಷಣದ ಒತ್ತಡಕ್ಕೆ ಬೇಗ ಬಲಿಯಾಗುತ್ತವೆ ಎಂದು 2011ರಲ್ಲಿ ಪ್ರಕಟವಾಯಿತು. 2012ರಲ್ಲಿ ಸ್ಪೇನಿನ ಸಂಶೋಧಕರು ನರಕೋಶಗಳನ್ನು ಸುಮಾರು ಎರಡೂವರೆ ತಿಂಗಳು ಉಳಿಸಿಕೊಂಡು ನೋಡಿದಾಗ, ಅವುಗಳ ಕವಲುಗಳು ಕಡಿಮೆಯಾಗಿರುವುದೂ ಹಳೆಯ ಪ್ರೋಟೀನುಗಳನ್ನು ವಿಲೇವಾರಿ ಮಾಡುವ ವ್ಯವಸ್ಥೆ ಕುಂಠಿತವಾಗಿರುವುದೂ ಕಂಡುಬಂದಿತು. ಕುಟುಂಬದಲ್ಲಿ ಕಾಯಿಲೆಯ ಇತಿಹಾಸವಿಲ್ಲದ ರೋಗಿಗಳ ನರಕೋಶಗಳಲ್ಲಿಯೂ ಇಂತಹ ಬದಲಾವಣೆಗಳು ಕಂಡದ್ದು ಈ ಅಧ್ಯಯನದ ವಿಶೇಷ.

ಪಿಂಕ್1 ಮತ್ತು ಪಾರ್ಕಿನ್: ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ಕೆಟ್ಟಾಗ ಪಿಂಕ್1 ಪ್ರೋಟೀನು ಅವುಗಳ ಮೇಲೆ ಶೇಖರಗೊಂಡು ಪಾರ್ಕಿನ್ ಪ್ರೋಟೀನನ್ನು ಕರೆಸಿಕೊಳ್ಳುತ್ತದೆ. ಆಗ ಕೆಟ್ಟ ಮೈಟೊಕಾಂಡ್ರಿಯ ವಿಲೇವಾರಿಯಾಗುತ್ತದೆ. ಪಿಂಕ್1 ದೋಷವುಳ್ಳ ರೋಗಿಗಳ ನರಕೋಶಗಳಲ್ಲಿ ಪಾರ್ಕಿನ್ ಸರಿಯಾಗಿ ಅಲ್ಲಿಗೆ ತಲುಪುವುದಿಲ್ಲ, ಸರಿಯಾದ ಪಿಂಕ್1 ಒದಗಿಸಿದರೆ ತಲುಪುತ್ತದೆ ಎಂದು 2011ರಲ್ಲಿ ತೋರಿಸಲಾಯಿತು.

ಜಿಬಿಎ1: ಲೈಸೊಸೋಮ್ ಎಂಬುದು ಜೀವಕೋಶದ ಕಸ ಕರಗಿಸುವ ಚೀಲ. ಅದರಲ್ಲಿನ ಗ್ಲೂಕೊಸೆರೆಬ್ರೊಸಿಡೇಸ್ ಎಂಬ ಕಿಣ್ವವನ್ನು ಜಿಬಿಎ1 ವಂಶವಾಹಿ ನಿರ್ಧರಿಸುತ್ತದೆ. ಅದರ ಎರಡೂ ಪ್ರತಿಗಳು ಕೆಟ್ಟರೆ ಗೋಶೆ ಕಾಯಿಲೆ, ಒಂದು ಪ್ರತಿ ಕೆಟ್ಟರೆ ಪಾರ್ಕಿನ್ಸನ್ ಕಾಯಿಲೆಯ ಅಪಾಯ ಹೆಚ್ಚು. 2011ರ ಒಂದು ಅಧ್ಯಯನವು ಇವೆರಡರ ನಂಟನ್ನು ವಿವರಿಸಿತು. ಕಿಣ್ವ ಕಡಿಮೆಯಾದರೆ ಆಲ್ಫಾ-ಸೈನ್ಯೂಕ್ಲೀನ್ ಶೇಖರವಾಗುತ್ತದೆ; ಶೇಖರವಾದ ಆಲ್ಫಾ-ಸೈನ್ಯೂಕ್ಲೀನ್ ಕಿಣ್ವವು ಲೈಸೊಸೋಮಿಗೆ ಹೋಗುವುದನ್ನು ತಡೆಯುತ್ತದೆ. ಒಂದು ಇನ್ನೊಂದನ್ನು ಕೆಡಿಸುವ ವಿಷಚಕ್ರ ಇದು.

ಡಿಜೆ-1: 2017ರಲ್ಲಿ ಷಿಕಾಗೊ ನಗರದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡವು ಡಿಜೆ-1 ದೋಷವುಳ್ಳ ಮನುಷ್ಯರ ನರಕೋಶಗಳನ್ನು ದೀರ್ಘಕಾಲ ಬೆಳೆಸಿ ಗಮನಿಸಿತು. ಮೊದಲು ಮೈಟೊಕಾಂಡ್ರಿಯಗಳಲ್ಲಿ ಒತ್ತಡ, ಬಳಿಕ ಡೋಪಮೈನ್ ಉತ್ಕರ್ಷಣಗೊಂಡು ಶೇಖರಣೆ, ಬಳಿಕ ಲೈಸೊಸೋಮಿನ ವೈಫಲ್ಯ, ಹೀಗೆ ಹಾನಿಯು ಹಂತಹಂತವಾಗಿ ಮುಂದುವರಿಯಿತು. ಅದೇ ದೋಷವುಳ್ಳ ಇಲಿಯ ನರಕೋಶಗಳಲ್ಲಿ ಈ ಸರಣಿ ಕಾಣಲಿಲ್ಲ. ಮನುಷ್ಯ ಮತ್ತು ಇಲಿಗಳಲ್ಲಿ ಡೋಪಮೈನ್ ನಿರ್ವಹಣೆಯ ರೀತಿ ಬೇರೆಯಾಗಿರುವುದೇ ಇದಕ್ಕೆ ಕಾರಣ. ಇಲಿಗಳಲ್ಲಿ ಡೋಪಮೈನ್ ಉತ್ಪಾದನೆಯನ್ನು ಹೆಚ್ಚಿಸಿದಾಗ ಅವುಗಳಲ್ಲಿಯೂ ಹಾನಿ ಕಂಡುಬಂದಿತು. ಇಲಿಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯನ್ನು ಮೂಡಿಸುವುದು ಏಕೆ ಕಷ್ಟವಾಯಿತು ಎಂಬ ಹಳೆಯ ಪ್ರಶ್ನೆಗೆ ಇದು ಒಂದು ಉತ್ತರವಾಯಿತು.

ಔಷಧ ಪರೀಕ್ಷೆಯಲ್ಲಿ ಬಳಕೆ

ಬಹುಸಂಖ್ಯೆಯಲ್ಲಿ ಬೆಳೆಸಬಹುದಾದ ಈ ನರಕೋಶಗಳ ಮೇಲೆ ಅನೇಕ ರಾಸಾಯನಿಕಗಳನ್ನು ಏಕಕಾಲಕ್ಕೆ ಪರೀಕ್ಷಿಸಬಹುದು. ಯಾವುದು ಆಲ್ಫಾ-ಸೈನ್ಯೂಕ್ಲೀನ್ ಪ್ರಮಾಣವನ್ನು ತಗ್ಗಿಸುತ್ತದೆ, ಯಾವುದು ಲೈಸೊಸೋಮಿನ ಕೆಲಸವನ್ನು ಚುರುಕುಗೊಳಿಸುತ್ತದೆ ಎಂದು ಪ್ರಾಣಿಗಳಿಗೂ ಮನುಷ್ಯರಿಗೂ ಕೊಡುವ ಮೊದಲೇ ಅಂದಾಜು ದೊರೆಯುತ್ತದೆ. 2020ರಲ್ಲಿ ಲಾಸ್ ಏಂಜಲೀಸ್‌ನ ಸಂಶೋಧಕರು, ಚಿಕ್ಕ ವಯಸ್ಸಿನಲ್ಲಿ ಕಾಯಿಲೆ ಬಂದರೂ ತಿಳಿದ ವಂಶವಾಹಿ ದೋಷವಿಲ್ಲದ ರೋಗಿಗಳ ನರಕೋಶಗಳಲ್ಲಿಯೂ ಆಲ್ಫಾ-ಸೈನ್ಯೂಕ್ಲೀನ್ ಹೆಚ್ಚಾಗಿರುವುದನ್ನು ತೋರಿಸಿ, ಅದನ್ನು ತಗ್ಗಿಸುವ ವಸ್ತುವೊಂದನ್ನು ಗುರುತಿಸಿದರು.

ಭಾರತದಲ್ಲಿ ಕೆಮ್ಮಿನ ಔಷಧಿಯಾಗಿ ಪರಿಚಿತವಾದ ಆಂಬ್ರಾಕ್ಸಾಲ್ ಮೇಲೆ ಸಂಶೋಧಕರ ಗಮನ ಹರಿದದ್ದೂ ಜೀವಕೋಶಗಳ ಅಧ್ಯಯನದಿಂದಲೇ. ರೋಗಿಗಳಿಂದ ಪಡೆದ ಜೀವಕೋಶಗಳಲ್ಲಿ ಅದು ಗ್ಲೂಕೊಸೆರೆಬ್ರೊಸಿಡೇಸ್ ಕಿಣ್ವವನ್ನು ಹೆಚ್ಚಿಸಿತು. ಲಂಡನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಚಿಕ್ಕ ಪ್ರಯೋಗದಲ್ಲಿ, ಔಷಧಿಯು ಮಿದುಳು ಮತ್ತು ಬೆನ್ನುಹುರಿಯನ್ನು ಆವರಿಸಿರುವ ದ್ರವಕ್ಕೆ ತಲುಪುತ್ತದೆ ಎಂದು ಕಂಡುಬಂದಿತು. ಕಾಯಿಲೆಯ ವೇಗವನ್ನು ಅದು ತಗ್ಗಿಸುತ್ತದೆ ಎಂಬುದಕ್ಕೆ ಇದು ಪುರಾವೆಯಲ್ಲ. ಆ ಪ್ರಯೋಗದಲ್ಲಿ ಬಳಸಿದ ಪ್ರಮಾಣವು ಕೆಮ್ಮಿಗೆ ಕೊಡುವುದಕ್ಕಿಂತ ಬಹಳ ಹೆಚ್ಚಾದುದರಿಂದ ಸ್ವಯಂ ಚಿಕಿತ್ಸೆ ಸಲ್ಲದು.

ಮಿತಿಗಳು

ಈ ವಿಧಾನದ ದೊಡ್ಡ ಮಿತಿ ವಯಸ್ಸಿಗೆ ಸಂಬಂಧಿಸಿದ್ದು. ಪಾರ್ಕಿನ್ಸನ್ ಕಾಯಿಲೆ ಹೆಚ್ಚಾಗಿ 60 ವರ್ಷ ದಾಟಿದವರಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ಎಪ್ಪತ್ತರ ವೃದ್ಧನ ಚರ್ಮದ ಕೋಶವನ್ನು ಐಪಿಎಸ್ ಕೋಶವಾಗಿ ಮಾರ್ಪಡಿಸುವಾಗ ಅದರಲ್ಲಿನ ಮುಪ್ಪಿನ ಗುರುತುಗಳು ಬಹುತೇಕ ಅಳಿಸಿಹೋಗುತ್ತವೆ. ಹೀಗೆ ಹುಟ್ಟಿದ ನರಕೋಶವು ಗರ್ಭಸ್ಥ ಶಿಶುವಿನ ನರಕೋಶವನ್ನು ಹೋಲುತ್ತದೆ. ಕಾಯಿಲೆಯ ಬೀಜವನ್ನು ಇಲ್ಲಿ ನೋಡಬಹುದು, ಅದು ಅರವತ್ತು ವರ್ಷಗಳಲ್ಲಿ ಮರವಾಗುವ ಬಗೆಯನ್ನಲ್ಲ. ಇದನ್ನು ಮೀರಲು 2013ರಲ್ಲಿ ಸ್ಟೂಡರ್ ತಂಡವು ಅಕಾಲವೃದ್ಧಾಪ್ಯಕ್ಕೆ ಕಾರಣವಾಗುವ ಪ್ರೊಜೆರಿನ್ ಎಂಬ ಪ್ರೋಟೀನನ್ನು ಬಳಸಿ ನರಕೋಶಗಳಿಗೆ ಕೃತಕವಾಗಿ ಮುಪ್ಪು ತಂದು ಪರೀಕ್ಷಿಸಿತು. ಕಾಂಡಕೋಶದ ಹಂತವನ್ನು ಬಿಟ್ಟು ಚರ್ಮದ ಕೋಶವನ್ನು ನೇರವಾಗಿ ನರಕೋಶವಾಗಿ ಬದಲಾಯಿಸಿದರೆ ವಯಸ್ಸಿನ ಗುರುತುಗಳು ಉಳಿಯುತ್ತವೆ ಎಂದು 2015ರಲ್ಲಿ ತಿಳಿದುಬಂದಿತು.

ಇತರ ಮಿತಿಗಳೂ ಇವೆ. ನಿಜವಾದ ಮಿದುಳಿನಲ್ಲಿ ಒಂದೊಂದು ಡೋಪಮೈನ್ ನರಕೋಶವೂ ಬಹು ದೂರ ಕವಲೊಡೆದು ಲಕ್ಷಗಟ್ಟಲೆ ಸಂಪರ್ಕಗಳನ್ನು ಹೊಂದಿರುತ್ತದೆ. ತಟ್ಟೆಯಲ್ಲಿನ ನರಕೋಶಕ್ಕೆ ಆ ಹೊರೆಯಿಲ್ಲ. ರಕ್ತನಾಳಗಳೂ ರೋಗನಿರೋಧಕ ಕೋಶಗಳೂ ಅಲ್ಲಿರುವುದಿಲ್ಲ. ಪೂರ್ಣರೂಪದ ಲೂಯಿ ಕಾಯಗಳು ಕಾಣಸಿಗುವುದು ಅಪರೂಪ. ಒಂದೇ ರೋಗಿಯ ಕೋಶಗಳನ್ನು ಎರಡು ಬಾರಿ ಬೆಳೆಸಿದರೂ ಫಲಿತಾಂಶ ಬದಲಾಗುವುದುಂಟು. ಆದ್ದರಿಂದ ಒಬ್ಬಿಬ್ಬರ ಕೋಶಗಳಿಂದ ಬಂದ ತೀರ್ಮಾನಗಳನ್ನು ಎಚ್ಚರದಿಂದ ಓದಬೇಕು. ಈ ಕೊರತೆಯನ್ನು ನೀಗಲು ಫೌಂಡಿನ್-ಪಿಡಿ ಎಂಬ ಯೋಜನೆಯು 95 ವ್ಯಕ್ತಿಗಳ ಐಪಿಎಸ್ ಕೋಶಗಳನ್ನು ಒಂದೇ ಕ್ರಮದಲ್ಲಿ ನರಕೋಶಗಳಾಗಿ ಬೆಳೆಸಿ ಮಾಹಿತಿಯನ್ನು ಸಂಶೋಧಕರಿಗೆ ಒದಗಿಸಿದೆ.

ಆರ್ಗನಾಯ್ಡ್‌ಗಳು

ತಟ್ಟೆಯ ತಳದಲ್ಲಿ ಹರಡಿಕೊಳ್ಳುವ ಬದಲು ಉಂಡೆಯಂತೆ ಮೂರು ಆಯಾಮಗಳಲ್ಲಿ ಬೆಳೆಯುವ ಅಂಗಾಂಶಕ್ಕೆ ಆರ್ಗನಾಯ್ಡ್ ಎನ್ನುತ್ತಾರೆ. ಮಿದುಳಿನ ಆರ್ಗನಾಯ್ಡ್‌ಗಳನ್ನು 2013ರಲ್ಲಿ ವಿಯೆನ್ನಾದ ಮೆಡಲಿನ್ ಲ್ಯಾಂಕಾಸ್ಟರ್ ಮತ್ತು ಯುರ್ಗನ್ ನೊಬ್ಲಿಕ್ ಪರಿಚಯಿಸಿದರು. 2016ರಲ್ಲಿ ಸಿಂಗಪುರದ ಸಂಶೋಧಕರು ಮಧ್ಯಮಿದುಳನ್ನು ಹೋಲುವ ಆರ್ಗನಾಯ್ಡ್‌ಗಳನ್ನು ಬೆಳೆಸಿದಾಗ ಅವುಗಳಲ್ಲಿ ನ್ಯೂರೊಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಕಾಣಿಸಿಕೊಂಡಿತು. ಸಬ್‌ಸ್ಟಾನ್ಷಿಯಾ ನೈಗ್ರಾಕ್ಕೆ ಕಪ್ಪು ಬಣ್ಣ ಕೊಡುವುದು ಈ ವರ್ಣದ್ರವ್ಯವೇ. ಇಲಿಗಳ ಮಿದುಳಿನಲ್ಲಿ ಇದು ಸಹಜವಾಗಿ ಶೇಖರವಾಗುವುದಿಲ್ಲ.

ಚಿಕಿತ್ಸೆಯೊಂದಿಗಿನ ಸಂಬಂಧ

ಅಧ್ಯಯನಕ್ಕಾಗಿ ನರಕೋಶ ಬೆಳೆಸುವುದೂ ರೋಗಿಯ ಮಿದುಳಿಗೆ ನರಕೋಶ ಕಸಿ ಮಾಡುವುದೂ ಬೇರೆಬೇರೆ. ಆದರೂ ಮೊದಲನೆಯದರಲ್ಲಿ ಪಳಗಿದ ವಿಧಾನಗಳೇ ಎರಡನೆಯದಕ್ಕೂ ಆಧಾರ. ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಜುನ್ ತಕಹಾಶಿ ನೇತೃತ್ವದಲ್ಲಿ 2018ರಲ್ಲಿ ಆರಂಭವಾದ ಪ್ರಯೋಗದಲ್ಲಿ 7 ರೋಗಿಗಳಿಗೆ ಐಪಿಎಸ್ ಮೂಲದ ಕೋಶಗಳನ್ನು ಕಸಿ ಮಾಡಲಾಯಿತು. 2025ರಲ್ಲಿ ಪ್ರಕಟವಾದ ವರದಿಯಂತೆ ಗಂಭೀರ ಅಡ್ಡಪರಿಣಾಮಗಳಾಗಲೀ ಗೆಡ್ಡೆಗಳಾಗಲೀ ಕಂಡುಬರಲಿಲ್ಲ. ಅದೇ ವರ್ಷ ಅಮೆರಿಕದ ಮತ್ತೊಂದು ತಂಡವು ಭ್ರೂಣಮೂಲದ ಕಾಂಡಕೋಶಗಳಿಂದ ಬೆಳೆಸಿದ ಕೋಶಗಳನ್ನು 12 ರೋಗಿಗಳಿಗೆ ಕಸಿ ಮಾಡಿದ ವಿವರವನ್ನು ಪ್ರಕಟಿಸಿತು. ಎರಡೂ ಮುಖ್ಯವಾಗಿ ಸುರಕ್ಷತೆಯನ್ನು ನೋಡಲು ನಡೆಸಿದ ಚಿಕ್ಕ ಪ್ರಯೋಗಗಳು. ಪರಿಣಾಮವನ್ನು ಖಚಿತಪಡಿಸಲು ದೊಡ್ಡ ಪ್ರಯೋಗಗಳು ಬೇಕು.

ಭಾರತದ ಸಂದರ್ಭ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ರಕ್ತಸಂಬಂಧಿ ಕಾಯಿಲೆಗಳಿಗಾಗಿ ಮಾಡುವ ಅಸ್ಥಿಮಜ್ಜೆಯಂತಹ ಕಸಿಗಳನ್ನು ಬಿಟ್ಟರೆ ಕಾಂಡಕೋಶಗಳ ಬಳಕೆಯು ಅನುಮತಿ ಪಡೆದ ವೈದ್ಯಕೀಯ ಪ್ರಯೋಗಗಳಿಗೆ ಸೀಮಿತ. ಅಂತಹ ಪ್ರಯೋಗಗಳಲ್ಲಿ ಭಾಗವಹಿಸುವ ರೋಗಿಯಿಂದ ಹಣ ಪಡೆಯುವಂತಿಲ್ಲ. ಪಾರ್ಕಿನ್ಸನ್ ಕಾಯಿಲೆಯನ್ನು ಕಾಂಡಕೋಶದಿಂದ ಗುಣಪಡಿಸುವುದಾಗಿ ಹೇಳಿ ದೊಡ್ಡ ಮೊತ್ತ ಕೇಳುವ ಜಾಹೀರಾತುಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಬೆಂಗಳೂರಿನಲ್ಲಿ ನಿಮ್ಹಾನ್ಸ್, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು ಜೊತೆಗೂಡಿ ಇದೇ ತತ್ತ್ವದ ಮೇಲೆ, ತೀವ್ರ ಮಾನಸಿಕ ಕಾಯಿಲೆಗಳಿರುವ ಕುಟುಂಬಗಳ ಸದಸ್ಯರಿಂದ ಐಪಿಎಸ್ ಕೋಶಗಳನ್ನು ತಯಾರಿಸಿ ಅಧ್ಯಯನ ನಡೆಸುತ್ತಿವೆ. ಪಾರ್ಕಿನ್ಸನ್ ಕಾಯಿಲೆಯ ವಿಷಯದಲ್ಲಿಯೂ ಸ್ಥಳೀಯ ಕೋಶಸಂಗ್ರಹಗಳು ಮುಖ್ಯ. ಯಹೂದಿ ಮತ್ತು ಉತ್ತರ ಆಫ್ರಿಕದ ಅರಬ್ ರೋಗಿಗಳಲ್ಲಿ ಹೆಚ್ಚಾಗಿ ಕಾಣುವ ಜಿ2019ಎಸ್ ಬದಲಾವಣೆಯು ಭಾರತೀಯ ರೋಗಿಗಳಲ್ಲಿ ತೀರ ವಿರಳ. ಪಾಶ್ಚಾತ್ಯರ ಜೀವಕೋಶಗಳಿಂದ ಕಂಡುಕೊಂಡ ಔಷಧಿಯು ಇಲ್ಲಿನ ರೋಗಿಗೂ ಅದೇ ಫಲ ಕೊಡುವುದೇ ಎಂಬುದನ್ನು ಇಲ್ಲಿನವರ ನರಕೋಶಗಳಲ್ಲಿ ಪರೀಕ್ಷಿಸಿಯೇ ತಿಳಿಯಬೇಕಾಗುತ್ತದೆ.